ಯಂತ್ರ ಖರೀದಿಗೆ ಮುನ್ನ ರಾಶಿ ನಿಂತ ಸ್ಥಳವನ್ನು ನೋಡಿ: ಫ್ಯಾಬ್ರಿಕೇಷನ್ ಘಟಕದ ಸಾಮರ್ಥ್ಯ ವಿಸ್ತರಣೆ

ಹುಬ್ಬಳ್ಳಿ-ಧಾರವಾಡ ಪರಿಸರದ ಸಣ್ಣ ಕೈಗಾರಿಕೆಗಳಲ್ಲಿ ಲೋಹದ ಹಾಳೆಯ ಫ್ಯಾಬ್ರಿಕೇಷನ್ ಉದ್ದಿಮೆಗೆ ತನ್ನದೇ ಆದ ಸ್ಥಾನವಿದೆ. ವಿದ್ಯುತ್ ಪ್ಯಾನೆಲ್‌ಗಳ ಪೆಟ್ಟಿಗೆ, ಜನರೇಟರಿನ ಕವಚ, ಗೋದಾಮಿನ ರ‍್ಯಾಕು, ಕೃಷಿ ಉಪಕರಣಗಳ ಬಿಡಿಭಾಗ ಇವೆಲ್ಲ ಬಾಡಿಗೆಯ ಶೆಡ್ಡೊಂದರಲ್ಲಿ ಒಂದು ವೆಲ್ಡಿಂಗ್ ಸೆಟ್ಟಿನಿಂದ ಆರಂಭವಾಗಿ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕೋಟಿಗಳ ವಹಿವಾಟಿಗೆ ಬೆಳೆದ ನಿದರ್ಶನಗಳು ನಮ್ಮ ಕಣ್ಣ ಮುಂದೆಯೇ ಇವೆ. ಹೀಗೆ ಬೆಳೆದ ಪ್ರತಿಯೊಬ್ಬ ಉದ್ಯಮಿಯೂ ಒಂದು ಹಂತದಲ್ಲಿ ಯಂತ್ರ ಮಾರಾಟಗಾರರ ದರಪಟ್ಟಿಯನ್ನು ಕೈಯಲ್ಲಿ ಹಿಡಿದು ಲೆಕ್ಕಪರಿಶೋಧಕರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಅಂತಹ ಒಂದು ಭೇಟಿಯಿಂದ ನಾನು ಕಲಿತದ್ದನ್ನು ಪತ್ರಿಕೆಯ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಘಟಕದ ಗುರುತು ಸಿಗದಿರಲೆಂದು ಅಂಕಿಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ; ಅವುಗಳ ಪರಸ್ಪರ ಪ್ರಮಾಣ ಬದಲಾಗಿಲ್ಲ.

2023ರ ಜೂನ್ ತಿಂಗಳು. ಗೋಕುಲ ರಸ್ತೆಯ ನಮ್ಮ ಕಕ್ಷಿದಾರರೊಬ್ಬರು ಫೈಬರ್ ಲೇಸರ್ ಕತ್ತರಿಸುವ ಯಂತ್ರದ ದರಪಟ್ಟಿಯೊಂದಿಗೆ ಬಂದರು. ಬೆಲೆ ತೆರಿಗೆ ಹೊರತುಪಡಿಸಿ 92 ಲಕ್ಷ ರೂಪಾಯಿ. ಬ್ಯಾಂಕು 75 ಲಕ್ಷ ಅವಧಿ ಸಾಲ ನೀಡಲು ಸಿದ್ಧವಿತ್ತು. ಪ್ರತಿಯಾಗಿ ಅವರ ವಾಸದ ಮನೆಯನ್ನೂ ಪತ್ನಿಯ ಹೆಸರಿನಲ್ಲಿದ್ದ ನಿವೇಶನವನ್ನೂ ಅಡಮಾನವಾಗಿ ಕೇಳಿತ್ತು. ಐಟಿಐ ಮುಗಿಸಿ ಫಿಟ್ಟರ್ ಆಗಿ ಜೀವನ ಆರಂಭಿಸಿದ ಈ ಉದ್ಯಮಿಗೆ ಆ ಮನೆಯೇ ಇಪ್ಪತ್ತೆರಡು ವರ್ಷಗಳ ದುಡಿಮೆಯ ಗಳಿಕೆ. "ಆರ್ಡರಿಗೇನ ಕಮ್ಮಿ ಇಲ್ರಿ ಸಾಹೇಬ್ರ, ಹೇಳಿದ ಟೈಮಿಗೆ ಮಾಲು ಕೊಡಾಕ ಆಗವಲ್ದು. ಕಟಿಂಗ್ ಫಾಸ್ಟ್ ಆದ್ರ ಎಲ್ಲಾ ಸರಿಹೋಗ್ತೈತಿ" ಎಂಬುದು ಅವರ ವಾದ. ನನ್ನಿಂದ ಅವರು ಬಯಸಿದ್ದು ಯೋಜನಾ ವರದಿ ಮಾತ್ರ, ಸಲಹೆಯನ್ನಲ್ಲ.

ವರದಿ ಬರೆಯುವುದು ಕಷ್ಟವಿರಲಿಲ್ಲ. 75 ಲಕ್ಷಕ್ಕೆ ನೂರಕ್ಕೆ 10.5ರ ಬಡ್ಡಿಯಂತೆ ಐದು ವರ್ಷಗಳ ಮಾಸಿಕ ಕಂತು ಸುಮಾರು 1.61 ಲಕ್ಷ. ಮಾರಾಟದ ಬೆಲೆಯಲ್ಲಿ ಕಚ್ಚಾ ಸಾಮಗ್ರಿ, ಹೊರಗಿನ ಲೇಪನದ ಕೂಲಿ ಮೊದಲಾದ ಬದಲಾಗುವ ವೆಚ್ಚಗಳನ್ನು ಕಳೆದರೆ ಅವರಿಗೆ ಉಳಿಯುತ್ತಿದ್ದುದು ನೂರಕ್ಕೆ 30. ಅಂದರೆ ಕಂತಿಗಾಗಿಯೇ ತಿಂಗಳಿಗೆ 5.4 ಲಕ್ಷ ರೂಪಾಯಿಗಳ ಹೆಚ್ಚುವರಿ ಮಾರಾಟ ಆಗಬೇಕು. ಸ್ಟೆಬಿಲೈಸರ್, ಕಂಪ್ರೆಸರ್, ನೈಟ್ರೋಜನ್ ಮತ್ತು ಆಮ್ಲಜನಕದ ಸಿಲಿಂಡರ್, ಹೆಸ್ಕಾಂಗೆ ಹೆಚ್ಚುವರಿ ಲೋಡಿನ ಠೇವಣಿ ಇವೆಲ್ಲ ಬೇರೆ. ದರಪಟ್ಟಿಯಲ್ಲಿ ಇವುಗಳ ಪ್ರಸ್ತಾಪ ಸಾಮಾನ್ಯವಾಗಿ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿರುತ್ತದೆ. ಕೈತುಂಬ ಆರ್ಡರುಗಳಿದ್ದ ಘಟಕಕ್ಕೆ 5.4 ಲಕ್ಷದ ಹೆಚ್ಚುವರಿ ಮಾರಾಟ ದೊಡ್ಡದೇನಲ್ಲ ಎಂದು ಬರೆದು ಸಹಿ ಹಾಕಬಹುದಾಗಿತ್ತು.

ನನ್ನನ್ನು ತಡೆದದ್ದು ಅವರದೇ ಅಢಾವೆ ಪತ್ರಿಕೆಯ ಒಂದು ಸಾಲು.

ಅರೆಸಿದ್ಧ ಸರಕು ಎಂಬ ಮೂಕ ಸಾಕ್ಷಿ

ಮೂರು ವರ್ಷಗಳಲ್ಲಿ ಅವರ ಮಾರಾಟ ಒಂದೂವರೆ ಪಟ್ಟು ಬೆಳೆದಿದ್ದರೆ ಅರೆಸಿದ್ಧ ಸರಕಿನ ಮೊತ್ತ ಮೂರು ಪಟ್ಟಾಗಿತ್ತು. ಸಣ್ಣ ಘಟಕಗಳಲ್ಲಿ ಈ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ನಾವು ಲೆಕ್ಕಪರಿಶೋಧಕರು ಬಲ್ಲೆವು. ಮಾರ್ಚ್ 31ರ ಸಂಜೆ ಮಾಲೀಕರು ಶೆಡ್ಡಿನೊಳಗೆ ಒಂದು ಸುತ್ತು ಬಂದು ಅಂದಾಜಿನಿಂದ ಹೇಳುವ ಮೊತ್ತವದು. ಅಸಲು ವೆಚ್ಚ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕೆಂದು ಎರಡನೆಯ ಲೆಕ್ಕಪತ್ರ ಮಾನದಂಡ ಹೇಳುತ್ತದೆ. ಅದನ್ನು ಪಾಲಿಸಿದೆವೆಂಬ ಸಮಾಧಾನದಲ್ಲಿ ಆ ಸಾಲು ಏಕೆ ಬೆಳೆಯುತ್ತಿದೆ ಎಂದು ಕೇಳುವವರು ಕಡಿಮೆ. ಹಿಂದಿನ ಎರಡು ವರ್ಷ ನಾನೂ ಕೇಳಿರಲಿಲ್ಲ.

ಈ ಬಾರಿ ಶೆಡ್ಡಿಗೇ ಹೋಗಿ ಮೂರು ದಿನ ಎಣಿಸಿದೆವು. ಲೇಪನಕ್ಕಾಗಿ ತಾರಿಹಾಳದ ಜಾಬ್‌ವರ್ಕ್ ಘಟಕದಲ್ಲಿದ್ದ ಮಾಲನ್ನೂ ಸೇರಿಸಿದೆವು. ಕಣ್ಣಿಗೆ ಕಾಣದ್ದರಿಂದ ಅದನ್ನು ಲೆಕ್ಕದಿಂದ ಬಿಡುವ ರೂಢಿ ಅನೇಕರಲ್ಲಿದೆ. ಒಟ್ಟು ಸುಮಾರು 43 ಲಕ್ಷ ರೂಪಾಯಿಗಳ ಅರೆಸಿದ್ಧ ಸರಕು. ಘಟಕದ ತಿಂಗಳ ಮಾರಾಟ 60 ಲಕ್ಷ, ಅದರ ಉತ್ಪಾದನಾ ವೆಚ್ಚ 45 ಲಕ್ಷ, ತಿಂಗಳಿಗೆ ಕೆಲಸದ ದಿನಗಳು 25. ದಿನವೊಂದಕ್ಕೆ 1.8 ಲಕ್ಷ ಮೌಲ್ಯದ ಕೆಲಸ ಹೊರಬೀಳುವ ಘಟಕದೊಳಗೆ 43 ಲಕ್ಷದ ಮಾಲು ನಿಂತಿದೆಯೆಂದರೆ, ಇಂದು ಒಳಬಂದ ಹಾಳೆ ಪೆಟ್ಟಿಗೆಯಾಗಿ ಹೊರಹೋಗಲು ಸರಾಸರಿ 24 ದಿನ ಬೇಕು. ಇದಕ್ಕೆ ಆಧಾರವಾದ ಸಂಬಂಧವನ್ನು ಅಮೆರಿಕದ ಜಾನ್ ಲಿಟಲ್ ಅವರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಆದರೆ ಸಂತೆಯ ದಿನ ಹಿಟ್ಟಿನ ಗಿರಣಿಯ ಮುಂದೆ ಎಷ್ಟು ಡಬ್ಬಿಗಳಿವೆ, ಗಂಟೆಗೆ ಎಷ್ಟು ಬೀಸುತ್ತಾರೆ ಎಂದು ನೋಡಿ ಮನೆಗೆ ಹೋಗಿ ಬರುವ ಗೃಹಿಣಿಗೂ ಈ ಲೆಕ್ಕ ಗೊತ್ತು.

ಇನ್ನೊಂದು ಕಡೆಯಿಂದಲೂ ನೋಡಿದೆವು. ಮಧ್ಯಮ ಗಾತ್ರದ ಒಂದು ಪ್ಯಾನೆಲ್ ಪೆಟ್ಟಿಗೆಯನ್ನು ಆರಿಸಿ, ಅದರ ಮೇಲೆ ನಿಜವಾಗಿ ಕೈ ಬಿದ್ದ ಸಮಯವನ್ನು ಬರೆದುಕೊಂಡೆವು. ಕತ್ತರಿಸಲು 25 ನಿಮಿಷ, ಪಂಚಿಂಗ್‌ಗೆ 20, ಬಾಗಿಸಲು 35, ವೆಲ್ಡಿಂಗ್‌ಗೆ 50, ಗ್ರೈಂಡಿಂಗ್‌ಗೆ 30, ಏಳು ತೊಟ್ಟಿಗಳಲ್ಲಿ ತೊಳೆದು ಪುಡಿ ಬಣ್ಣ ಹಚ್ಚಿ ಒಲೆಯಲ್ಲಿ ಬೇಯಿಸಲು 3 ಗಂಟೆ, ಜೋಡಣೆಗೆ 40 ನಿಮಿಷ. ಒಟ್ಟು 6 ಗಂಟೆ 20 ನಿಮಿಷ, ಒಂದು ಪಾಳಿಯೂ ಆಗಲಿಲ್ಲ. ಉಳಿದ ಇಪ್ಪತ್ತಮೂರು ಚಿಲ್ಲರೆ ದಿನ ಆ ಪೆಟ್ಟಿಗೆ ಕಾಯುತ್ತಿತ್ತು. ನೂರಕ್ಕೆ 11ರಂತೆ ಹಿಡಿದರೂ 43 ಲಕ್ಷ ಕಾಯುವುದಕ್ಕೆ ವರ್ಷಕ್ಕೆ 4.7 ಲಕ್ಷ ಬಡ್ಡಿ. ಲಾಭ-ನಷ್ಟದ ಪಟ್ಟಿಯಲ್ಲಿ ಇದು ಬ್ಯಾಂಕ್ ಬಡ್ಡಿ ಎಂದು ಕಾಣುತ್ತದೆಯೇ ಹೊರತು ಕಾಯುವಿಕೆಯ ವೆಚ್ಚ ಎಂದು ಕಾಣುವುದಿಲ್ಲ.

ರಾಶಿ ಎಲ್ಲಿತ್ತು?

ಎಲ್ಲಿ ಕಾಯುತ್ತಿತ್ತು ಎಂಬುದಕ್ಕೆ ಗಣಿತವೇನೂ ಬೇಕಿರಲಿಲ್ಲ. ಕತ್ತರಿಸಿದ, ರಂಧ್ರ ಹೊಡೆದ ತುಂಡುಗಳು ಪ್ರೆಸ್ ಬ್ರೇಕಿನ ಮುಂದೆ ಎದೆಯೆತ್ತರಕ್ಕೆ ಪೇರಿಸಿ ಬಿದ್ದಿದ್ದವು. ಕೆಳಗಿನ ತುಂಡುಗಳಿಗೆ ತುಕ್ಕು ಹಿಡಿದು, ಅವನ್ನು ಮತ್ತೆ ಉಜ್ಜಲು ಇಬ್ಬರು ಕೂಲಿಯಾಳುಗಳಿದ್ದರು. ಪ್ರೆಸ್ ಬ್ರೇಕಿನಿಂದ ಆಚೆಗೆ ವೆಲ್ಡರುಗಳು ದಿನಕ್ಕೆರಡು ಬಾರಿ ಮಾಲಿಗಾಗಿ ಕಾದು ಕೂರುತ್ತಿದ್ದರು. ಕಟಿಂಗ್ ನಿಧಾನವೆಂಬುದು ನಿಜವಾಗಿದ್ದರೆ ರಾಶಿ ಕತ್ತರಿಯ ಮುಂದಿರಬೇಕಿತ್ತು. ಇಲ್ಲಿ ಅದು ಕತ್ತರಿಯ ಹಿಂದೆ ಬೆಳೆದಿತ್ತು. ಈ ಸ್ಥಿತಿಯಲ್ಲಿ 92 ಲಕ್ಷದ ಲೇಸರ್ ಮಾಡುವ ಕೆಲಸ ಒಂದೇ, ಎದೆಯೆತ್ತರದ ರಾಶಿಯನ್ನು ತಲೆಯೆತ್ತರಕ್ಕೆ ಏರಿಸುವುದು. ಕೆರೆ ಎಷ್ಟೇ ದೊಡ್ಡದಿರಲಿ, ಗದ್ದೆಗೆ ನೀರು ಬರುವುದು ತೂಬಿನ ಅಳತೆಯಷ್ಟೇ.

ಇಸ್ರೇಲಿನ ಭೌತವಿಜ್ಞಾನಿ ಎಲಿಯಾಹು ಗೋಲ್ಡ್‌ರಾಟ್ ಅವರು 1984ರಲ್ಲಿ ಪ್ರಕಟವಾದ ‘ದಿ ಗೋಲ್’ ಎಂಬ ಕಾದಂಬರಿಯಲ್ಲಿ ವಿವರಿಸಿದ ತತ್ತ್ವವೂ ಇದೇ. ಇಡೀ ಕಾರ್ಖಾನೆಯ ಸಾಮರ್ಥ್ಯವೆಂದರೆ ಅದರ ಅತಿ ಕಿರಿದಾದ ಹಂತದ ಸಾಮರ್ಥ್ಯ. ಉಳಿದ ಹಂತಗಳಲ್ಲಿ ಉಳಿಸಿದ ಗಂಟೆಗೆ ಬೆಲೆಯಿಲ್ಲ.

ಪ್ರೆಸ್ ಬ್ರೇಕ್ ನಡೆಸುವ ಯುವಕನಿಗೆ ನೂರು ಪುಟದ ನೋಟ್‌ಬುಕ್ ಕೊಟ್ಟು, ಯಂತ್ರ ಯಾವಾಗ ನಿಂತಿತು, ಏಕೆ ನಿಂತಿತು ಎಂದಷ್ಟೇ ಬರೆಯುವಂತೆ ಕೇಳಿಕೊಂಡೆವು. ತಪ್ಪು ಹುಡುಕಲು ಇದಲ್ಲವೆಂದು ಮಾಲೀಕರೇ ಖುದ್ದಾಗಿ ಹೇಳಿದರು. ಇಲ್ಲವಾದರೆ ನೋಟ್‌ಬುಕ್ಕಿನಲ್ಲಿ ಸತ್ಯ ಬರುತ್ತಿರಲಿಲ್ಲ. ಹನ್ನೆರಡು ದಿನಗಳ ಸರಾಸರಿ ಹೀಗಿತ್ತು: 480 ನಿಮಿಷದ ಪಾಳಿಯಲ್ಲಿ ಡೈ ಬದಲಾವಣೆ ಆರು ಬಾರಿ, ಪ್ರತಿ ಬಾರಿ 45 ನಿಮಿಷ, ಒಟ್ಟು 270. ನಕ್ಷೆಗಾಗಿ, ಮೇಸ್ತ್ರಿಗಾಗಿ, ಟ್ರಾಲಿಗಾಗಿ ಕಾದದ್ದು 50. ಯಂತ್ರ ನಿಜವಾಗಿ ಹಾಳೆ ಬಾಗಿಸಿದ್ದು 160 ನಿಮಿಷ, ಪಾಳಿಯ ಮೂರನೆಯ ಒಂದು ಭಾಗ. "ಡೈ ಹುಡುಕೂದ್ರಾಗ ಅರ್ಧಾ ದಿನಾ ಹೋಗ್ತೈತ್ರಿ ಸರ್" ಎಂದು ಆ ಯುವಕ ಹೇಳಿದ ಮಾತು ಅಂಕಿಗಳಿಗಿಂತ ಸ್ಪಷ್ಟವಾಗಿತ್ತು. ಮೂರು ವರ್ಷಗಳಿಂದ ಆತ ಅಲ್ಲಿದ್ದ, ಯಾರೂ ಕೇಳಿರಲಿಲ್ಲ.

ಮಾಡಿದ್ದೇನು

ಡೈ ಬದಲಾವಣೆಯ ವಿಷಯದಲ್ಲಿ ಜಪಾನಿನ ಶಿಗೆಯೊ ಶಿಂಗೊ ಅವರ ಹೆಸರನ್ನು ಹೇಳಲೇಬೇಕು. 1969ರಲ್ಲಿ ಟೊಯೋಟ ಕಾರ್ಖಾನೆಯ ಸಾವಿರ ಟನ್ ಪ್ರೆಸ್ಸಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತಿದ್ದ ಡೈ ಬದಲಾವಣೆಯನ್ನು ಮೊದಲು ಒಂದೂವರೆ ಗಂಟೆಗೆ, ನಂತರ ಮೂರು ನಿಮಿಷಕ್ಕೆ ಇಳಿಸಿದವರು ಅವರು. ಅವರ ವಿಧಾನದ ತಿರುಳು ಸರಳ. ಯಂತ್ರ ನಿಂತಿರುವಾಗಲೇ ಮಾಡಬೇಕಾದ ಕೆಲಸ ಯಾವುದು, ಯಂತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ಮಾಡಿಟ್ಟುಕೊಳ್ಳಬಹುದಾದ ಕೆಲಸ ಯಾವುದು ಎಂದು ಬೇರ್ಪಡಿಸುವುದು. ಮುಂದಿನ ಡೈ ಹುಡುಕುವುದು, ಒರೆಸುವುದು, ನಕ್ಷೆ ತರುವುದು, ಹಾಳೆಯ ತುಂಡುಗಳನ್ನು ಎಣಿಸಿ ಪಕ್ಕಕ್ಕಿಡುವುದು, ಇವೆಲ್ಲ ಎರಡನೆಯ ಬಗೆಯವು.

ನಮ್ಮ ಘಟಕದಲ್ಲಿ ಡೈಗಳು ಶೆಡ್ಡಿನ ಇನ್ನೊಂದು ತುದಿಯ ಗೋದಾಮಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಯಂತ್ರದ ಪಕ್ಕದಲ್ಲೇ ರ‍್ಯಾಕು ನಿಂತಿತು. ಪ್ರತಿ ಡೈಗೂ ಬಣ್ಣದ ಗುರುತು, ಸಂಖ್ಯೆ ಬಂತು. ಸವೆದ ಎರಡು ಡೈಗಳ ಬದಲಿಗೆ ಹೊಸವು, ಎರಡು ಟ್ರಾಲಿ, ಬೇಗ ಬಿಗಿಯುವ ಕ್ಲ್ಯಾಂಪು ಸೇರಿ ಒಟ್ಟು 1.9 ಲಕ್ಷ ರೂಪಾಯಿ ವೆಚ್ಚವಾಯಿತು. ಬೇಗ ಬದಲಿಸುವ ನೆಪದಲ್ಲಿ ಯಂತ್ರದ ರಕ್ಷಾಕವಚವನ್ನು ಬಿಚ್ಚಿಡುವ ಕೆಟ್ಟ ಅಭ್ಯಾಸ ಕೆಲವೆಡೆ ಉಂಟು. ಪ್ರೆಸ್ ಬ್ರೇಕ್ ಬೆರಳು ಕೇಳುವ ಯಂತ್ರವೆಂಬುದನ್ನು ಮರೆಯಬಾರದು.

ಇದಕ್ಕಿಂತ ದೊಡ್ಡ ಉಳಿತಾಯ ಬಂದದ್ದು ಕೆಲಸದ ಸರದಿಯಿಂದ. ಹಾಳೆಯ ದಪ್ಪದ ಎಂಟು ಪಟ್ಟು ಅಗಲದ ವಿ-ಡೈ ಬಳಸುವುದು ಈ ವೃತ್ತಿಯ ರೂಢಿ. ಎರಡು ಮಿಲಿಮೀಟರ್ ಹಾಳೆಗೆ ಹದಿನಾರರ ಡೈ. ಆರ್ಡರಿನ ಸರದಿಯಲ್ಲೇ ಬಾಗಿಸುತ್ತಾ ಹೋದರೆ ಬೆಳಿಗ್ಗೆ 18 ಗೇಜು, ಹನ್ನೊಂದಕ್ಕೆ 14, ಮಧ್ಯಾಹ್ನ 16, ಮತ್ತೆ 18 ಎಂದು ಡೈ ಬದಲಾಗುತ್ತಲೇ ಇರುತ್ತದೆ. ಒಂದೇ ದಪ್ಪದ ಕೆಲಸಗಳನ್ನು ಎರಡು ದಿನಗಳ ಮಿತಿಯೊಳಗೆ ಒಟ್ಟುಗೂಡಿಸಿದೆವು. ಮಿತಿ ಏಕೆಂದರೆ, ಒಟ್ಟುಗೂಡಿಸುವ ಉತ್ಸಾಹದಲ್ಲಿ ವಾರದ ಕೆಲಸವನ್ನೆಲ್ಲ ಒಂದೇ ಸಲಕ್ಕೆ ಮಾಡಿದರೆ ರಾಶಿ ವೆಲ್ಡಿಂಗಿನ ಮುಂದೆ ಮತ್ತೆ ಹುಟ್ಟುತ್ತದೆ. ಮೂರು ತಿಂಗಳಲ್ಲಿ ಡೈ ಬದಲಾವಣೆ ದಿನಕ್ಕೆ ನಾಲ್ಕು ಬಾರಿ, ಪ್ರತಿ ಬಾರಿ 20 ನಿಮಿಷಕ್ಕೆ ಇಳಿಯಿತು. ಕಾಯುವ ಸಮಯ 30 ನಿಮಿಷ. ಬಾಗಿಸಲು ದೊರೆತ ಸಮಯ 160ರಿಂದ 370 ನಿಮಿಷಕ್ಕೆ ಏರಿತು.

ನನ್ನದೇ ತಪ್ಪು

ಇಷ್ಟಾದರೂ ರಾಶಿ ನಿರೀಕ್ಷಿಸಿದಷ್ಟು ಕರಗಲಿಲ್ಲ. ಕಾರಣವನ್ನು ಬರೆಯಲು ಸಂಕೋಚವಾಗುತ್ತದೆ. ಐದು ವರ್ಷಗಳ ಹಿಂದೆ, ಕಟಿಂಗ್ ವಿಭಾಗದ ಉತ್ಪಾದಕತೆ ಹೆಚ್ಚಿಸಲು ಟನ್ನಿಗಿಷ್ಟು ಎಂಬ ಪ್ರೋತ್ಸಾಹಧನ ಪದ್ಧತಿಯನ್ನು ಸೂಚಿಸಿದವನು ನಾನೇ. ಪ್ರತಿ ಯಂತ್ರವೂ ಬಿಡುವಿಲ್ಲದೆ ಓಡಿದರೆ ಗಂಟೆಯ ವೆಚ್ಚ ಇಳಿಯುತ್ತದೆ ಎಂದು ಪದವಿ ತರಗತಿಯಲ್ಲಿ ಕಲಿತ ವೆಚ್ಚಲೆಕ್ಕವನ್ನು ನಂಬಿ ಹಾಗೆ ಮಾಡಿದ್ದೆ. ಪರಿಣಾಮವಾಗಿ ಶಿಯರಿಂಗ್ ನಡೆಸುವ ಹಿರಿಯ ಕಾರ್ಮಿಕರು ಭಾರವಾದ ದಪ್ಪ ಹಾಳೆಗಳ ಕೆಲಸವನ್ನು, ಅದು ಮುಂದಿನ ತಿಂಗಳಿನದಾದರೂ ಸರಿ, ಮೊದಲು ಕತ್ತರಿಸುತ್ತಿದ್ದರು. ಎಂಟು ಅಡಿ ನಾಲ್ಕು ಅಡಿ ಎಂದು ನಾವು ಕರೆಯುವ 2500ಕ್ಕೆ 1250 ಮಿಲಿಮೀಟರ್ ಅಳತೆಯ ಎರಡು ಮಿಲಿಮೀಟರ್ ಹಾಳೆ 49 ಕಿಲೋ ತೂಗುತ್ತದೆ. ತೂಕ ಬೇಗ ಬರುತ್ತದೆ, ಪ್ರೋತ್ಸಾಹಧನವೂ. ಅವರದು ತಪ್ಪಲ್ಲ. ನಾವು ಯಾವುದಕ್ಕೆ ಹಣ ಕೊಟ್ಟೆವೋ ಅದನ್ನೇ ಅವರು ಮಾಡಿದರು.

ಪದ್ಧತಿಯನ್ನು ಒಮ್ಮೆಲೇ ರದ್ದುಪಡಿಸಿದರೆ ಹದಿನೇಳು ವರ್ಷ ದುಡಿದ ಮನುಷ್ಯನ ಮನೆಯ ತಿಂಗಳ ಆದಾಯ ಕಡಿಮೆಯಾಗುತ್ತಿತ್ತು. ಅವರು ಎರಡು ದಿನ ಕೆಲಸಕ್ಕೇ ಬರಲಿಲ್ಲ. ಕೊನೆಗೆ ಮಾಲೀಕರು ಅವರ ಮನೆಗೆ ಹೋಗಿ ಮಾತನಾಡಿ, ಹಿಂದಿನ ಆರು ತಿಂಗಳ ಪ್ರೋತ್ಸಾಹಧನದ ಸರಾಸರಿಯನ್ನು ಸಂಬಳಕ್ಕೇ ಸೇರಿಸಿದರು. ಇನ್ನು ಮುಂದಿನ ಪ್ರೋತ್ಸಾಹಧನ ಗೇಟಿನಿಂದ ಹೊರಹೋದ ಮಾಲಿನ ಮೇಲೆ, ಎಲ್ಲ ವಿಭಾಗಗಳಿಗೂ ಸಮಾನವಾಗಿ ಎಂದು ತೀರ್ಮಾನವಾಯಿತು. ಪ್ರೆಸ್ ಬ್ರೇಕಿನ ಮುಂದೆ ಎರಡು ದಿನದ ಕೆಲಸಕ್ಕಿಂತ ಹೆಚ್ಚು ತುಂಡುಗಳಿದ್ದರೆ ಕತ್ತರಿ ನಿಲ್ಲಬೇಕು. ನಿಂತ ಹೊತ್ತಿನಲ್ಲಿ ಅವರು ಮುಂದಿನ ಡೈ ಸಿದ್ಧಪಡಿಸಿಡಬೇಕು. ಓಡಬಲ್ಲ ಯಂತ್ರವನ್ನು ಬೇಕೆಂದೇ ನಿಲ್ಲಿಸುವುದನ್ನು ನೋಡುವುದು ಮಾಲೀಕರಿಗೆ ಮೊದಮೊದಲು ಬಹಳ ಕಷ್ಟವಾಯಿತು. ನನಗೂ.

ಬಿಡುಗಡೆಯಾದ ಹಣ ಹೋದದ್ದೆಲ್ಲಿಗೆ?

2024ರ ಏಪ್ರಿಲ್ ವೇಳೆಗೆ ತಿಂಗಳ ಮಾರಾಟ 74 ಲಕ್ಷಕ್ಕೆ ಏರಿತ್ತು, ಹೊಸ ಯಂತ್ರ ಒಂದೂ ಇಲ್ಲದೆ. ಅರೆಸಿದ್ಧ ಸರಕು 43ರಿಂದ 26 ಲಕ್ಷಕ್ಕೆ ಇಳಿದು, ಹಾಳೆ ಪೆಟ್ಟಿಗೆಯಾಗುವ ಅವಧಿ ಸುಮಾರು 12 ದಿನಕ್ಕೆ ಬಂದಿತ್ತು. 17 ಲಕ್ಷ ರೂಪಾಯಿ ಬಿಡುಗಡೆಯಾಯಿತೆಂದು ನಾನು ಸಂತೋಷದಿಂದ ಹೇಳಿದೆ. "ಹಂಗಾದ್ರ ಓಡಿ ಲಿಮಿಟ್ ಯಾಕ ತುಂಬೇತ್ರಿ?" ಎಂದು ಅವರು ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಅವರ ಗ್ರಾಹಕರು ಸರಾಸರಿ 75 ದಿನಗಳಿಗೆ ಹಣ ಕೊಡುವವರು. ತಿಂಗಳಿಗೆ 60 ಲಕ್ಷವಿದ್ದಾಗ ಬರಬೇಕಾದ ಬಾಕಿ 150 ಲಕ್ಷ; 74 ಲಕ್ಷವಾದಾಗ 185 ಲಕ್ಷ. ಶೆಡ್ಡಿನೊಳಗಿನ ರಾಶಿಯಿಂದ ಬಿಡಿಸಿದ್ದು 17 ಲಕ್ಷ, ಗ್ರಾಹಕರ ಬಳಿ ಹೊಸದಾಗಿ ಸಿಕ್ಕಿಬಿದ್ದದ್ದು 35 ಲಕ್ಷ. ಅದರಲ್ಲಿ ಲಾಭದ ಅಂಶವೂ ಸೇರಿದೆ ಎಂಬ ಸಮಾಧಾನದಿಂದ ಉಕ್ಕಿನ ವ್ಯಾಪಾರಿಯ ಬಿಲ್ಲು ತೀರುವುದಿಲ್ಲ. ಸಾಮರ್ಥ್ಯ ವಿಸ್ತರಣೆಯ ಯಾವುದೇ ಯೋಜನಾ ವರದಿಯಲ್ಲಿ ಯಂತ್ರದ ಬೆಲೆಯ ಪಕ್ಕದಲ್ಲೇ ಈ ಲೆಕ್ಕವಿರಬೇಕು. ನನ್ನ ಮೊದಲ ಕರಡಿನಲ್ಲಿ ಇದೂ ಇರಲಿಲ್ಲ.

ಕಾನೂನು ಸಣ್ಣ ತಯಾರಕರ ಪರವಾಗಿಯೇ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯು ಇದಕ್ಕೆ ಹಲ್ಲು ಜೋಡಿಸಿತು. ಈ ಅವಧಿ ಮೀರಿದ ಬಾಕಿಯನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವಾಗಿ ತೋರಿಸಬಹುದೆಂಬ ನಿಯಮ 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ ಜಾರಿಗೆ ಬಂತು. ದೊಡ್ಡ ಗ್ರಾಹಕರ ವಿರುದ್ಧ ದೂರು ಕೊಡಲು ನಮ್ಮ ಉದ್ಯಮಿಗಳು ಹಿಂಜರಿಯುವುದು ಸಹಜ. ಆದರೆ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆಯನ್ನು ಮುದ್ರಿಸಲು ಯಾರ ಭಯವೂ ಬೇಕಿಲ್ಲ. ನಮ್ಮ ಕಕ್ಷಿದಾರರು ಅದನ್ನು ಮಾಡಿದ ಮೇಲೆ ಇಬ್ಬರು ಗ್ರಾಹಕರು ಮಾರ್ಚ್ ತಿಂಗಳಲ್ಲಿ ತಾವಾಗಿಯೇ ಹಣ ಕಳಿಸಿದರು. ಮೂರನೆಯವರು, ಎಲ್ಲರಿಗಿಂತ ದೊಡ್ಡವರು, ಇಂದಿಗೂ 80 ದಿನ ತೆಗೆದುಕೊಳ್ಳುತ್ತಾರೆ.

ಈಗಿನ ಸ್ಥಿತಿಯನ್ನು ಹೇಳಿ ಮುಗಿಸುತ್ತೇನೆ. ಲೇಸರಿನಲ್ಲಿ ಕತ್ತರಿಸಲೇಬೇಕಾದ ಕೆಲಸವನ್ನು ಅವರು ಹೊರಗೆ ಜಾಬ್‌ವರ್ಕಿಗೆ ಕೊಡುತ್ತಿದ್ದಾರೆ. ಪ್ರೆಸ್ ಬ್ರೇಕಿಗೆ ಬಿಡುವು ಸಿಕ್ಕ ಮೇಲೆ ರಾಶಿ ಗ್ರೈಂಡಿಂಗಿನ ಮುಂದೆ ಕಾಣಿಸಿಕೊಂಡಿತು. ಬಾಗಿದ ಕೋನಗಳು ಒಂದೇ ಸಮ ಬರುವಂತೆ ನೋಡಿಕೊಂಡು, ವೆಲ್ಡಿಂಗಿಗೆ ಫಿಕ್ಸ್ಚರ್‌ಗಳನ್ನು ಮಾಡಿದಾಗ ಉಜ್ಜುವ ಕೆಲಸವೇ ಕಡಿಮೆಯಾಯಿತು. ಸದ್ಯ ರಾಶಿ ತಾರಿಹಾಳದ ಲೇಪನ ಘಟಕದಲ್ಲಿದೆ. ಟೆಂಪೋ ತುಂಬುವವರೆಗೆ ಕಾದು ವಾರಕ್ಕೆರಡು ಬಾರಿ ಮಾಲು ಕಳಿಸುತ್ತಿದ್ದುದನ್ನು ದಿನವೂ ಕಳಿಸುವಂತೆ ಮಾಡಿದ್ದೇವೆ. ಸಾಗಣೆ ವೆಚ್ಚ ತಿಂಗಳಿಗೆ ಒಂಬತ್ತು ಸಾವಿರ ಹೆಚ್ಚಿತು. ನಾಲ್ಕು ದಿನ ಉಳಿಯಿತು. ಹೀಗೆ ಕಳಿಸುವ ಪ್ರತಿ ಲಾಟಿಗೂ ಚಲನ್ ಇರಬೇಕು, ಮಾಲು ಒಂದು ವರ್ಷದೊಳಗೆ ಮರಳಿ ಬರಬೇಕು, ಐದು ಕೋಟಿ ಮೀರಿದ ವಹಿವಾಟಿನವರು ಐಟಿಸಿ-04 ನಮೂನೆಯನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು ಎಂಬ ಜಿಎಸ್‌ಟಿ ನಿಯಮವನ್ನು ಸದಸ್ಯ ಬಾಂಧವರು ಮರೆಯದಿರಲಿ.

ಸ್ವಂತ ಲೇಪನ ಘಟಕ ಹಾಕುವ ಆಲೋಚನೆ ಅವರಿಗಿದೆ. ಏಳು ತೊಟ್ಟಿಗಳ ತ್ಯಾಜ್ಯನೀರಿನ ಸಂಸ್ಕರಣೆ, ಅದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಒಲೆಗೆ ಬೇಕಾದ ಇಂಧನ ಇವುಗಳ ಲೆಕ್ಕ ಇನ್ನೂ ಮುಗಿದಿಲ್ಲ. ಸಾಲ ಬೇಕಾದರೆ ಈ ಬಾರಿ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾಲ ಖಾತರಿ ನಿಧಿ ಟ್ರಸ್ಟ್‌ನ ಖಾತರಿಯ ಮೇಲೆ ಕೇಳಬೇಕೆಂದು ನಿಶ್ಚಯಿಸಿದ್ದೇವೆ. 2025ರ ಏಪ್ರಿಲ್ 1ರಿಂದ ಅದರ ಮಿತಿ 10 ಕೋಟಿ ರೂಪಾಯಿ. ಬ್ಯಾಂಕಿನವರು ಅಭ್ಯಾಸಬಲದಿಂದ ಮನೆಯ ಪತ್ರವನ್ನೇ ಮೊದಲು ಕೇಳುತ್ತಾರೆ, ಕೇಳಲಿ. ಅದಕ್ಕೂ ಮುನ್ನ, ಪ್ರೆಸ್ ಬ್ರೇಕಿನ ಪಕ್ಕದಲ್ಲಿದ್ದಂತಹದೇ ಒಂದು ನೋಟ್‌ಬುಕ್ಕನ್ನು ಲೇಪನ ಘಟಕದವರ ಒಪ್ಪಿಗೆ ಪಡೆದು ಅಲ್ಲಿ ಇಟ್ಟು ಬಂದಿದ್ದಾರೆ. ತಿಂಗಳ ಕೊನೆಗೆ ಅದನ್ನು ಓದಿದ ನಂತರವೇ ದರಪಟ್ಟಿ ತರಿಸುವುದೆಂದು ಮಾತಾಗಿದೆ.